ಐದು ಮೆಟ್ಟಿಲು, ಎರಡು ಡಬ್ಬಿ

ಸಕಲೇಶಪುರ
9-11-1998

ಮಳಿಗೆಯ ಮಾಲೀಕರಾದ ಶಾಂತಮಲ್ಲಪ್ಪನವರಿಗೆ ಬೇಕರಿ ಗುರುಶಾಂತಮ್ಮನ ನಮಸ್ಕಾರಗಳು.

“ನಿನ್ ಬನ್ ಯಾರಿಗೂ ಬ್ಯಾಡ ಕಣಮ್ಮ, ಬರೋ ತಿಂಗ್ಳು ಮಳಿಗೆ ಬುಟ್ಬುಡು” ಅಂದಿರಿ. ನಾನು ಬಂದವರನ್ನು ಎಣಿಸಲು ಕೂತೆ. ಕೊಂಡವರಿಗೊಂದು ಡಬ್ಬಿ, ಮೆಟ್ಟಿಲವರೆಗೆ ಬಂದು ತಿರುಗಿ ಹೋದವರಿಗೊಂದು, ತಲೆಗೊಂದು ಕಾಫಿಬೀಜ. ಮೊದಲ ವಾರದ ಎಣಿಕೆಯನ್ನು ನಮ್ಮ ಯಜಮಾನರು ಹುರಿದು, ಪುಡಿಮಾಡಿ ಕುಡಿದುಬಿಟ್ಟರು. ಆಮೇಲೆ ಹುಣಸೆಬೀಜಕ್ಕೆ ಬಂದೆ.

ಅಲ್ಲಿಂದ ಎರಡು ವಾರದಲ್ಲಿ ಕೊಂಡವರು ತೊಂಬತ್ತು ಜನ, ತಿರುಗಿ ಹೋದವರು ಇನ್ನೂರ ಹತ್ತು. ಹೋದವರಲ್ಲಿ ಹೆಚ್ಚಿನವರು ಹೆಗ್ಗದ್ದೆ ಬಸ್ಸಿನವರು. ಬಸ್ಸು ನಮ್ಮೆದುರು ನಿಲ್ಲುವುದು ಎರಡೇ ನಿಮಿಷ. “ಚೀಲ ಹೊತ್ಕಂಡು ಐದು ಮೆಟ್ಲು ಹತ್ತಿ ಇಳಿಯೋದ್ರೊಳಗೆ ಬಸ್ ಹೋಗ್ಬುಡ್ತೈತೆ ಕಣಕ್ಕ” ಎಂದು ಅವರೇ ಹೇಳಿದರು. ತಪ್ಪು ಬನ್ನಿನದಲ್ಲ.

ಆದ್ದರಿಂದ ಬಸ್ಸಿನ ಕಡೆಯ ಗೋಡೆಯಲ್ಲಿ, ಅಂಗಡಿಯ ನೆಲಮಟ್ಟಕ್ಕೆ ಒಂದು ಕಿಟಕಿ ತೆಗೆಸಲು ಒಪ್ಪಿಗೆ ಕೊಡಿ. ನಾನು ಒಳಗೆ ಕೂತೇ ಕೆಳಗಿನವರ ಕೈಗೆ ಬನ್ ಕೊಡುತ್ತೇನೆ. ಗಾರೆಯವನ ಖರ್ಚು ನನ್ನದು. ಮೂರು ತಿಂಗಳಲ್ಲಿ ಕೊಂಡವರ ಡಬ್ಬಿ ತುಂಬದಿದ್ದರೆ ಬೀಗದಕೈ ನಾನೇ ತಂದೊಪ್ಪಿಸುತ್ತೇನೆ.

ತಿರುಗಿ ಹೋದವರ ಡಬ್ಬಿಯಲ್ಲಿ ತಮ್ಮ ಹೆಸರಿನ ಬೀಜವೂ ಮೂರಿವೆ. ತಮಗೆ ಮಂಡಿನೋವಂತೆ, ನಿಮ್ಮ ಮನೆಯ ಅಮ್ಮಾವರು ಹೇಳಿದರು. ಕಿಟಕಿಯ ಮೊದಲ ಬನ್ನು ತಮಗೇ. ಮೆಟ್ಟಿಲು ಹತ್ತುವುದು ಬೇಡ.

ಇಂತಿ ತಮ್ಮ ಬಾಡಿಗೆದಾರಳು,
ಗುರುಶಾಂತಮ್ಮ