ಸೀಲಿಂಗಿಗೆ ಚುಚ್ಚಿಕೊಂಡ ಕೈವಾರ

ಹಳೆಯ ಕಟ್ಟಡಗಳನ್ನು ತಪಾಸಣೆ ಮಾಡಿ ನವೀಕರಣಕ್ಕೆ ಒಪ್ಪಿಗೆ ಕೊಡುವ ಅಧಿಕಾರಿಗಳಿಗೆ

ಮಾನ್ಯರೇ,

ಹಳೆಯ ಶಾಲೆಯ ಎಂಟನೇ ತರಗತಿಯ ಕೋಣೆಯ ಸೀಲಿಂಗಿನಲ್ಲಿ ಹದಿನೆಂಟು ತೂತುಗಳಿವೆ. ಅವನ್ನು ಮಾಡಿದವನು ನಾನು. ಎಂಟು ವರ್ಷಗಳಿಂದ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದೇನೆ. ನೀವು ಬಾಯಿ ಬಿಡಿಸದಿದ್ದರೆ ಇನ್ನೂ ನಲವತ್ತು ವರ್ಷ ಹಾಗೆಯೇ ಓಡಾಡುತ್ತಿದ್ದೆನೋ ಏನೋ.

ಬಾಯಿ ಬಿಡಿಸಿದ್ದು ನಿಮ್ಮ ವರದಿ. ಶಾಲೆ ಬೇರೆ ಕಡೆಗೆ ಹೋಗಿ ಮೂರು ವರ್ಷವಾಯಿತು. ಖಾಲಿ ಬಿದ್ದ ಕಟ್ಟಡ ಈಗ ಸೋಫಾ ಮಂಚಗಳ ಮಳಿಗೆಯಾಗಲಿದೆ. ಒಳಗಿನದನ್ನು ಕೆಡವುವ ಮೊದಲು ತಪಾಸಣೆ ಆಗಬೇಕೆಂಬ ನಿಯಮದಂತೆ ನಿಮ್ಮ ವರದಿಯನ್ನು ಪ್ಲಾಸ್ಟಿಕ್ ಹೊದಿಸಿ ಗೇಟಿಗೆ ಕಟ್ಟಿದ್ದಾರೆ. ಅದರಲ್ಲಿ ನಿಮ್ಮ ಸಹಿಯ ಮೇಲ್ಗಡೆ ಹೀಗಿದೆ: "ಎಲ್ಲ ಕೋಣೆಗಳನ್ನೂ ಖುದ್ದಾಗಿ ಪರಿಶೀಲಿಸಲಾಗಿದೆ. ಸೀಲಿಂಗ್ ಹಲಗೆಗಳು ಅಖಂಡವಾಗಿವೆ. ತೂತು, ಬಿರುಕು, ಒಡಕು ಕಂಡುಬಂದಿಲ್ಲ. ಕಲ್ನಾರು ಇಲ್ಲ. ಕೆಲಸ ಆರಂಭಿಸಲು ಅಡ್ಡಿಯಿಲ್ಲ."

ಹದಿನೆಂಟು ತೂತು, ಸ್ವಾಮಿ. ನಾನೇನು ಸೂಜಿಯಿಂದ ಚುಚ್ಚಿರಲಿಲ್ಲ. ಹೋಗಲಿ, ತೂತುಗಳು ಸಣ್ಣವು, ನಿಮ್ಮ ಕನ್ನಡಕ ಹಳೆಯದು ಎಂದುಕೊಳ್ಳೋಣ. ಹದಿನೆಂಟನೆಯ ತೂತಿನಲ್ಲಿ ಒಂದು ಕೈವಾರ ಇನ್ನೂ ತೂಗುತ್ತಿದೆಯಲ್ಲ? ಎರಡು ಕಾಲಿನ ಕಬ್ಬಿಣದ ಕೈವಾರ. ಕೋಣೆಯ ನಡುಮಧ್ಯೆ, ಬಾವಲಿಯ ಹಾಗೆ. ಖುದ್ದಾಗಿ ಪರಿಶೀಲಿಸುವಾಗ ಅದು ನಿಮ್ಮ ತಲೆಯ ನೇರಕ್ಕೇ ಇದ್ದಿರಬೇಕು. ಅಥವಾ ಖುದ್ದಾಗಿ ಎಂದರೆ ಕುರ್ಚಿಯಲ್ಲಿ ಕುಳಿತು ಎಂದು ನಿಮ್ಮ ಕಚೇರಿಯಲ್ಲಿ ಅರ್ಥವೇ?

ಆ ಕೈವಾರ ಅಲ್ಲಿಗೆ ಹೇಗೆ ಹೋಯಿತೆಂದು ಹೇಳಿಬಿಡುತ್ತೇನೆ. ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಆಗಲೂ ಬರುತ್ತಿರಲಿಲ್ಲ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಸಾಕು, ಕೈವಾರವನ್ನು ಮೊನೆ ಮೇಲಾಗಿ ಚಿಮ್ಮುತ್ತಿದ್ದೆ. ಸೀಲಿಂಗಿನ ಆ ಬೂದು ಹಲಗೆ ಉಗುರಿನಿಂದ ಗೀರಬಹುದಾದಷ್ಟು ಮೆತ್ತಗಿತ್ತು. ಕೈವಾರ ಚಕ್ಕನೆ ಕಚ್ಚಿಕೊಂಡು, ಒಂದು ಗಳಿಗೆ ಯೋಚಿಸಿ, ಕೆಳಗೆ ಬೀಳುತ್ತಿತ್ತು. ಜೊತೆಗೆ ಒಂದಿಷ್ಟು ಬಿಳಿ ಪುಡಿ. ನಾವು ಅದನ್ನು ಒಬ್ಬರ ತಲೆಗೊಬ್ಬರು ಊದಿ "ತಾತ, ತಾತ" ಎಂದು ಆಡಿಕೊಳ್ಳುತ್ತಿದ್ದೆವು. ಹದಿನೆಂಟನೆಯ ಸಲ ಕೈವಾರ ಬೀಳಲಿಲ್ಲ.

ಅದು ನನ್ನ ಕೈವಾರವಾಗಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ನನ್ನ ಸೋದರತ್ತೆಯ ಮಗನದು. ಅವನು ನನಗಿಂತ ಒಂದು ವರ್ಷ ದೊಡ್ಡವನು, ಮೂರು ಗೇಣು ಎತ್ತರ. ಶಾಲೆಯಲ್ಲಿ ಎಲ್ಲರಿಗೂ ಅವನು ಜಿರಾಫೆ. ನನಗೆ ಮಾತ್ರ ವರಸೆಯ ಪ್ರಕಾರ ಭಾವ. ಮುಖ್ಯೋಪಾಧ್ಯಾಯರು ಬಂದರು. ಬೆಂಚು ಹತ್ತಿದರು. ಕತ್ತು ಎತ್ತಿ ನೋಡಿದರು. ತೂತು ಎಣಿಸಿದರು. ಆಮೇಲೆ ತೀರ್ಪು ಕೊಟ್ಟರು: "ಕೈವಾರ ಇವನದು. ಬೆಂಚ್ ಹತ್ತಿದ್ರೆ ಕೈ ಎಟಕೋದೂ ಇವನಿಗೊಬ್ಬನಿಗೇ. ಇನ್ನೇನು ಬೇಕು?" ಜಿರಾಫೆ ನನ್ನ ಕಡೆ ನೋಡಿದ. ನಾನು ಪುಸ್ತಕದ ಕಡೆ ನೋಡಿದೆ. ನನಗೆ ನೆನಪಿರುವಂತೆ ನಾನು ಪುಸ್ತಕವನ್ನು ಅಷ್ಟು ಗಮನವಿಟ್ಟು ನೋಡಿದ್ದು ಅದೊಂದೇ ಸಲ.

ಅವನನ್ನು ವರ್ಷಪೂರ್ತಿ ಗಣಿತದ ಪಿರಿಯಡ್‌ನಲ್ಲಿ ಹೊರಗೆ ನಿಲ್ಲಿಸಿದರು. "ಕೈವಾರ ಅಲ್ಲೇ ಇರ್ಲಿ, ಎಲ್ಲರೂ ನೋಡ್ಲಿ" ಎಂದರು ಮುಖ್ಯೋಪಾಧ್ಯಾಯರು. ಎಲ್ಲರೂ ನೋಡಿದೆವು. ಅವನು ಗಣಿತದಲ್ಲಿ ಫೇಲಾಗಿ ಶಾಲೆ ಬಿಟ್ಟ. ಮರುವರ್ಷ ನಾನೂ ಬಿಟ್ಟೆ. ಪಶ್ಚಾತ್ತಾಪದಿಂದ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಕೂರಲಾಗದೆ ಬಿಟ್ಟೆ. ಆ ಒಂದು ಸುಳ್ಳಿಗೆ ನನ್ನ ಪಾಲಿನ ಕೋಟಾ ಮುಗಿದುಹೋಯಿತೋ ಏನೋ, ಆಮೇಲೆ ನನ್ನಿಂದ ಸುಳ್ಳು ಹೇಳಲು ಆಗಿಲ್ಲ. ಬಣ್ಣದ ಅಂಗಡಿಯಲ್ಲಿದ್ದಾಗ ಗಿರಾಕಿಯೊಬ್ಬರಿಗೆ ಎರಡು ಡಬ್ಬದಲ್ಲೂ ಇರುವುದು ಒಂದೇ ಬಣ್ಣ, ಚೀಟಿ ಮಾತ್ರ ಬೇರೆ ಎಂದೆ; ಅವತ್ತು ಮಧ್ಯಾಹ್ನವೇ ಮನೆಗೆ ಬಂದೆ. ಹೋಟೆಲಿನಲ್ಲಿದ್ದಾಗ ಇದು ಬೆಳಗಿನದಾ ಎಂದು ಕೇಳಿದವರಿಗೆ ಹೌದು, ನಿನ್ನೆ ಬೆಳಗಿನದು ಎಂದೆ. ಅಲ್ಲಿಂದಲೂ ಬಂದೆ.

ಆದರೂ ಈಗ ಕುಳಿತು ಹೋಲಿಸಿದರೆ, ಮಾನ್ಯರೇ, ನಿಮಗಿಂತ ನಮ್ಮ ಮುಖ್ಯೋಪಾಧ್ಯಾಯರೇ ವಾಸಿ. ಅವರ ತೀರ್ಪು ತಪ್ಪಾಗಿತ್ತು, ನಿಜ. ಆದರೆ ಅವರು ಕೋಣೆಯೊಳಗೆ ಬಂದಿದ್ದರು. ತಲೆ ಎತ್ತಿದ್ದರು. ಲೆಕ್ಕ ಹದಿನೆಂಟು ಎಂದು ಸರಿಯಾಗಿಯೇ ಹೇಳಿದ್ದರು. ಹಲಗೆಯನ್ನು ಮುಟ್ಟದೆ ಹಾಗೆಯೇ ಬಿಡಿ ಎಂದದ್ದಂತೂ, ಗೊತ್ತಿಲ್ಲದೆಯೇ ಆದರೂ, ಆ ಹಲಗೆಯ ಬಗ್ಗೆ ಈವರೆಗೆ ಯಾರಾದರೂ ತೆಗೆದುಕೊಂಡ ಅತ್ಯಂತ ವೈಜ್ಞಾನಿಕ ನಿರ್ಧಾರ.

ಯಾಕೆಂದು ನನಗೆ ಗೊತ್ತಾಗಿದ್ದು ಹೋದ ವರ್ಷ. ಬೇರೊಂದು ಊರಿನಲ್ಲಿ, ಹಳೆಯ ಕಟ್ಟಡಗಳಿಂದ ಕಲ್ನಾರು ತೆಗೆಯುವ ತಂಡವೊಂದರಲ್ಲಿ ಆರು ತಿಂಗಳು ದುಡಿದೆ. ಅಲ್ಲಿನ ಮೇಲ್ವಿಚಾರಕಿಯನ್ನು ನಾವೆಲ್ಲ ಮಾಸ್ಕಮ್ಮ ಎನ್ನುತ್ತಿದ್ದೆವು. ಮೊದಲ ದಿನವೇ ಆಕೆ ನನ್ನ ಮುಖ ಹಿಡಿದು ಬೆಳಕಿಗೆ ತಿರುಗಿಸಿ, "ಇದೇನು, ಮೀಸೆನಾ?" ಎಂದರು. ಎರಡು ವರ್ಷ ಕಷ್ಟಪಟ್ಟು ಬೆಳೆಸಿದ್ದು ಎಂದೆ. "ಕೂದಲಿದ್ರೆ ಮಾಸ್ಕ್ ಮುಖಕ್ಕೆ ಅಂಟಲ್ಲ, ಸಂದಿಯಿಂದ ಒಳಗೆ ಹೋಗತ್ತೆ. ಮೀಸೆ ಬೇಕಾ, ಶ್ವಾಸಕೋಶ ಬೇಕಾ? ಮಧ್ಯಾಹ್ನದೊಳಗೆ ಹೇಳು." ಊಟಕ್ಕೆ ಮೊದಲು ಬೋಳಿಸಿಕೊಂಡೆ. ಕಲ್ನಾರು ಎಂದರೆ ಆಸ್ಬೆಸ್ಟಾಸ್, ನಾರುನಾರಾದ ಕಲ್ಲು. ಬೆಂಕಿ ತಾಗದಿರಲೆಂದು ಹಿಂದೆಲ್ಲ ಸೀಲಿಂಗಿಗೆ, ಗೋಡೆಗೆ, ಪೈಪಿನ ಸುತ್ತ ಬಳಸುತ್ತಿದ್ದರು. ಅದರ ಪಾಡಿಗೆ ಅದನ್ನು ಬಿಟ್ಟರೆ ಹೆಚ್ಚು ತಂಟೆಯಿಲ್ಲ. ಕೊರೆದರೆ, ಗರಗಸ ಆಡಿಸಿದರೆ, ಕಿತ್ತರೆ, ಕಣ್ಣಿಗೆ ಕಾಣದ ನಾರು ಗಾಳಿಗೆ ಏಳುತ್ತದೆ, ಉಸಿರಿನ ಜೊತೆ ಒಳಗೆ ಹೋಗಿ ಕೂತುಬಿಡುತ್ತದೆ. ನನಗಿಲ್ಲದ ಗುಣ ಅದಕ್ಕಿದೆ: ಕೂರಲು ಬರುತ್ತದೆ. ಇಪ್ಪತ್ತು, ಮೂವತ್ತು ವರ್ಷ ಸುಮ್ಮನೆ ಕೂತಿದ್ದು ಆಮೇಲೆ ಏಳುತ್ತದೆ. ಅಷ್ಟರಲ್ಲಿ ಸಹಿ ಹಾಕಿದವರು ನಿವೃತ್ತರಾಗಿರುತ್ತಾರೆ.

ಶಾಲೆಯ ಆ ಹಲಗೆ ಕಲ್ನಾರಿನದೇ ಎಂದು ನಾನು ಪ್ರಮಾಣ ಮಾಡುವುದಿಲ್ಲ. ನಾವು ಮಾಸ್ಕಮ್ಮನ ಜೊತೆ ತೆಗೆಯುತ್ತಿದ್ದ ಹಲಗೆಗಳಂತೆಯೇ ಇದೆ ಎಂದಷ್ಟೇ ಹೇಳಬಲ್ಲೆ. ಬರಿಗಣ್ಣಿಗೆ ಅದು ಗೊತ್ತಾಗುವುದಿಲ್ಲ. ಹೆಬ್ಬೆರಳ ಉಗುರಿನಷ್ಟು ಚೂರನ್ನು ನೀರು ಸಿಂಪಡಿಸಿ ಕತ್ತರಿಸಿ, ಡಬ್ಬಿಯಲ್ಲಿ ಮುಚ್ಚಿ, ಪ್ರಯೋಗಾಲಯಕ್ಕೆ ಕಳಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ. ನೀವು ನೋಡದೆಯೇ ಕಂಡುಹಿಡಿದಿದ್ದೀರಿ. ಆ ವಿದ್ಯೆಯನ್ನು ಪ್ರಯೋಗಾಲಯದವರಿಗೂ ಹೇಳಿಕೊಟ್ಟರೆ ಅವರು ಸೂಕ್ಷ್ಮದರ್ಶಕಗಳನ್ನು ಮಾರಿ ಬೇರೇನಾದರೂ ಮಾಡಬಹುದು.

ಈಗ ನಾನು ಯಾಕಿಷ್ಟು ಹಾರಾಡುತ್ತಿದ್ದೇನೆಂದು ಹೇಳಬೇಕು. ಆ ಸೀಲಿಂಗ್ ಕೀಳುವ ಕೆಲಸ ಹಿಡಿದಿರುವ ಮೇಸ್ತ್ರಿಯ ಬಳಿ ನಾನೂ ಇದ್ದೆ, ಜಿರಾಫೆಯೂ ಇದ್ದಾನೆ. ಸೀಲಿಂಗ್ ಕೆಲಸ ಎಲ್ಲಿದ್ದರೂ ಅದು ಜಿರಾಫೆಗೇ. ಏಣಿಯ ಎರಡು ಮೆಟ್ಟಿಲು ಉಳಿಯುತ್ತದೆ ಎನ್ನುತ್ತಾರೆ ಮೇಸ್ತ್ರಿ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಅವನು ಸಬ್ಬಲು ಹಿಡಿದು ಎಂಟನೇ ತರಗತಿಯ ಕೋಣೆಯಿಂದಲೇ ಶುರುಮಾಡಬೇಕು. ನಾನು ಚುಚ್ಚಿದ್ದಕ್ಕೆ ಅವನು ಒಂದು ವರ್ಷ ಹೊರಗೆ ನಿಂತ. ನಾಳೆ ಅದೇ ಹಲಗೆಯನ್ನು ಅವನು ಮುಖದ ಮೇಲೆಯೇ ಕೆಡವಿಕೊಳ್ಳುತ್ತಾನೆ. ಸಂಜೆ ಅದೇ ಅಂಗಿಯಲ್ಲಿ ಮನೆಗೆ ಹೋಗುತ್ತಾನೆ, ನಮ್ಮ ಅತ್ತೆ ಅದನ್ನು ಬಾಗಿಲಲ್ಲಿ ಪಟಪಟನೆ ಕೊಡವಿ ಒಗೆಯಲು ಹಾಕುತ್ತಾರೆ.

ಮೇಸ್ತ್ರಿಗೆ ಹೇಳಿದೆ. "ಗೇಟಲ್ಲಿ ಕಾಗದ ನೋಡಿದ್ಯಾ? ಸಹಿ ಇದೆ, ಮೊಹರಿದೆ. ನೀನೇನು ಅವರಿಗಿಂತ ದೊಡ್ಡವನಾ?" ಎಂದರು. ತೂತಿದೆ, ಒಳಗೆ ಬಂದು ನೋಡಿ ಎಂದೆ. "ತೂತು ನೋಡೋಕೆ ಹೋದ್ರೆ ನನ್ನ ಕೆಲಸ ತೂತಾಗತ್ತೆ. ನಾಳೆಯಿಂದ ನೀನು ಬರೋದು ಬೇಡಪ್ಪ." ಹೀಗೆ ಅಲ್ಲಿಂದಲೂ ಬಂದೆ.

ಜಿರಾಫೆಗೆ ಹೇಳಿದೆ. "ಒದ್ದೆ ಟವೆಲ್ ಕಟ್ಕೋತೀನಿ ಬಿಡೋ" ಎಂದ.

"ಭಾವ, ಅದು ಮೀನಿನ ಬಲೆ ಕಟ್ಟಿ ಸೊಳ್ಳೆ ತಡೆದ ಹಾಗೆ."

"ಎಲ್ಲ ಬಿಟ್ಟು ಬಾ ಅಂತೀಯ. ಎಲ್ಲಿಗೆ ಬರ್ಲಿ?"

ಮಾಸ್ಕಮ್ಮನ ತಂಡಕ್ಕೆ ಎಂದೆ. ಫೋನ್ ಮಾಡಿದ್ದೇನೆ, ಇಬ್ಬರಿಗೂ ಜಾಗ ಇದೆಯಂತೆ, ಉದ್ದ ಇರುವವನು ಬೇಕಂತೆ. ಅವನು ನಕ್ಕ. ಸಹಿ ಹಾಕಿದ ಅಧಿಕಾರಿಗಳನ್ನು ಬಿಟ್ಟು ನಿನ್ನ ಮಾತು ಹೇಗೆ ನಂಬಲಿ ಎಂದ.

ಹಾಗಾಗಿ ನಿಮ್ಮ ಕಚೇರಿಗೆ ಬಂದೆ. ಸಾಹೇಬರು ಸ್ಥಳ ಪರಿಶೀಲನೆಗೆ ಹೋಗಿದ್ದಾರೆ ಎಂದರು ನಿಮ್ಮ ಗುಮಾಸ್ತರು. ಆಗ ಒಳಗಿನಿಂದ ನೀವು ಸೀನಿದಿರಿ. ಇಬ್ಬರೂ ಕೇಳಿಸದವರಂತೆ ಮಾತು ಮುಂದುವರಿಸಿದೆವು. ಗುಮಾಸ್ತರು ದೂರಿನ ಫಾರ್ಮ್ ತೆಗೆದರು.

"ವಿದ್ಯಾರ್ಹತೆ?"

"ಒಂಬತ್ತನೇ ಕ್ಲಾಸು. ಅರ್ಧ."

"ಅರ್ಧ ಅಂದ್ರೆ?"

"ಅರ್ಧವಾರ್ಷಿಕ ಪರೀಕ್ಷೆವರೆಗೂ."

ಅವರು ಪೆನ್ನು ಮುಚ್ಚಿದರು. ಆದರೂ ಒಳ್ಳೆಯ ಮನುಷ್ಯ, ಮಾತು ಮುಚ್ಚಲಿಲ್ಲ. "ಈ ತೂತುಗಳು ಸಾಹೇಬರ ತಪಾಸಣೆ ಆದ್ಮೇಲೆ ಬಿದ್ದಿರಬಹುದಲ್ವಾ?"

"ಇಲ್ಲ ಸಾರ್. ಎಂಟು ವರ್ಷದ ಹಿಂದೆ ಬಿದ್ದಿದ್ದು."

"ಅಷ್ಟು ಖಚಿತವಾಗಿ ನಿಮಗೆ ಹೇಗೆ ಗೊತ್ತು?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಬಣ್ಣದ ಅಂಗಡಿಯಲ್ಲಿ, ಹೋಟೆಲಿನಲ್ಲಿ ಕೇಳದೆಯೇ ಬಂದುಬಿಡುತ್ತಿದ್ದ ನಿಜ ಅಲ್ಲಿ ಬರಲೇ ಇಲ್ಲ. "ಗೊತ್ತು ಅಷ್ಟೇ" ಎಂದು ಎದ್ದು ಬಂದೆ. ಇನ್ನೊಬ್ಬರ ಬಗ್ಗೆ ನಿಜ ಹೇಳುವುದು ಮಾತ್ರ ನನಗೆ ಸಲೀಸು ಎಂದು ಮೆಟ್ಟಿಲಿಳಿಯುವಾಗ ಹೊಳೆಯಿತು.

ಅಲ್ಲಿಂದ ನೇರ ಜಿರಾಫೆಯ ಮನೆಗೆ ಹೋದೆ. ಅವನು ಬೂಟಿನ ಲೇಸು ಕಟ್ಟುತ್ತಿದ್ದ. "ಭಾವ, ಆ ಕೈವಾರ ಎಸೆದಿದ್ದು ನಾನು. ಹದಿನೆಂಟೂ ನಾನೇ" ಎಂದೆ. ಅವನು ಎರಡನೇ ಬೂಟಿನ ಲೇಸನ್ನೂ ಪೂರ್ತಿ ಕಟ್ಟಿದ. ಎದ್ದು ನಿಂತ. ಅವನು ಎದ್ದು ನಿಲ್ಲುವುದು ಮುಗಿಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

"ಯಾರ್ಯಾರಿಗೆ ಹೇಳಿದೀಯ?"

"ನಿನಗೊಬ್ಬನಿಗೇ."

"ನಾನು ಹೊರಗೆ ನಿಂತಿದ್ದು ನಿನ್ನೊಬ್ಬನ ಮುಂದೇನಾ? ಇಡೀ ಶಾಲೆ ನೋಡಿದೆ. ನಮ್ಮಮ್ಮ ಇವತ್ತಿಗೂ ನಾನೇ ಮಾಡಿದ್ದು ಅಂದ್ಕೊಂಡಿದಾಳೆ. ಎಲ್ಲರ ಮುಂದೆ ಹೇಳು. ಪೇಪರಲ್ಲಿ ಹಾಕ್ಸು. ಆಮೇಲೆ ನಿನ್ನ ಕಲ್ನಾರಿನ ಕತೆ ನಂಬೋದಾ ಬಿಡೋದಾ ನೋಡ್ತೀನಿ." ಬಾಗಿಲವರೆಗೆ ಹೋಗಿ ತಿರುಗಿದ. "ನನ್ನ ಕೈವಾರನೂ ವಾಪಸ್ ಬೇಕು."

ಹೀಗಾಗಿ, ಮಾನ್ಯರೇ, ಈ ಪತ್ರ ನಿಮ್ಮ ಟಪಾಲಿಗೆ ಬೀಳದೆ ಇವತ್ತಿನ ಸಂಜೆ ಪತ್ರಿಕೆಗೆ ಬಂದಿದೆ. ನಿಮ್ಮ ಗುಮಾಸ್ತರ ಪ್ರಶ್ನೆಗೆ ಇದೇ ನನ್ನ ಉತ್ತರ: ನನಗೆ ಗೊತ್ತು, ಯಾಕೆಂದರೆ ನಾನೇ ಮಾಡಿದೆ. ಅತ್ತೆ, ನೀವೂ ಓದುತ್ತಿದ್ದರೆ: ನಾನೇ ಮಾಡಿದೆ, ನಿಮ್ಮ ಮಗನಲ್ಲ. ಮುಖ್ಯೋಪಾಧ್ಯಾಯರು ಎಲ್ಲಿದ್ದರೂ ತಮ್ಮ ತೀರ್ಪನ್ನು ತಿದ್ದಿಕೊಳ್ಳಲಿ. ಶಾಲೆಯ ಆಸ್ತಿಗೆ ಹಾನಿ ಮಾಡಿದ್ದಕ್ಕೆ ನನ್ನ ಮೇಲೆ ಯಾವ ಕ್ರಮ ಬೇಕಾದರೂ ಕೈಗೊಳ್ಳಿ, ನನ್ನ ಅಭ್ಯಂತರವಿಲ್ಲ. ಆದರೆ ಕ್ರಮ ಕೈಗೊಳ್ಳಬೇಕಾದರೆ ತೂತುಗಳು ಇವೆ ಎಂದು ನೀವು ಒಪ್ಪಬೇಕಾಗುತ್ತದೆ. ಒಪ್ಪಿದರೆ ನಿಮ್ಮ ವರದಿ ಸುಳ್ಳಾಗುತ್ತದೆ. ಯಾವುದು ಅನುಕೂಲವೋ ನೋಡಿಕೊಳ್ಳಿ.

ನನ್ನ ಬೇಡಿಕೆ ದೊಡ್ಡದಲ್ಲ. ನಾಳೆ ಎಂಟು ಗಂಟೆಗೆ ಮೊದಲು ಆ ಕೆಲಸ ನಿಲ್ಲಿಸಿ. ನೀವು ಬನ್ನಿ, ನಿಜವಾಗಿಯೂ ಖುದ್ದಾಗಿ. ಕೋಣೆಯ ಬಾಗಿಲಲ್ಲಿ ನಿಂತು ತಲೆ ಎತ್ತಿ. ಕೈವಾರ ಕಂಡರೆ ಸಾಕು, ಒಳಗೆ ಹೋಗಬೇಡಿ. ಮಾದರಿ ತೆಗೆಯಲು ಬಲ್ಲವರನ್ನು ಕಳಿಸಿ. ಕಲ್ನಾರು ಇಲ್ಲವೆಂದು ಪ್ರಯೋಗಾಲಯ ಹೇಳಿದರೆ ಇದೇ ಪತ್ರಿಕೆಯಲ್ಲಿ ನಿಮ್ಮ ಕ್ಷಮೆ ಕೇಳುತ್ತೇನೆ. ಇದೆ ಎಂದರೆ ಕೋಣೆಗೆ ಪ್ಲಾಸ್ಟಿಕ್ ಕಟ್ಟಿ, ನೀರು ಸಿಂಪಡಿಸಿ, ಮೀಸೆಯಿಲ್ಲದವರ ಕೈಯಲ್ಲಿ ಇಡಿಯಾಗಿ ಇಳಿಸಿ. ಆ ಕೈವಾರವನ್ನು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಅದರ ಯಜಮಾನನಿಗೆ ತಲುಪಿಸಿ. ಗುರುತು ಹಿಡಿಯುವುದು ಸುಲಭ. ನಮ್ಮ ಊರಿನಲ್ಲಿ ಅಷ್ಟು ಉದ್ದದವನು ಇನ್ನೊಬ್ಬನಿಲ್ಲ.

ಜಿರಾಫೆ ಈ ಪತ್ರ ಓದಿ ಏನು ಮಾಡುತ್ತಾನೋ ಗೊತ್ತಿಲ್ಲ. ಎಂಟು ಗಂಟೆಗೆ ಅವನು ಏಣಿಯ ಮೇಲಾದರೂ ಇರುತ್ತಾನೆ, ನನ್ನ ಜೊತೆ ಮಾಸ್ಕಮ್ಮನ ಊರಿನ ಬಸ್ಸಿನಲ್ಲಾದರೂ ಇರುತ್ತಾನೆ. ಬಸ್ಸಿಗೆ ಬಂದರೂ ನಿಮ್ಮ ಹೊಣೆ ತೀರುವುದಿಲ್ಲ. ಮೇಸ್ತ್ರಿ ಏಣಿಯ ಎರಡು ಮೆಟ್ಟಿಲು ಹೆಚ್ಚು ಹತ್ತುವ ಇನ್ನೊಬ್ಬನನ್ನು ಕರೆಯುತ್ತಾರೆ ಅಷ್ಟೆ. ಅವನ ಕೈವಾರ ಯಾರೂ ಕದ್ದಿರಲಿಕ್ಕಿಲ್ಲ, ಅವನ ಪರವಾಗಿ ಪತ್ರ ಬರೆಯಲು ಯಾರೂ ಇರಲಿಕ್ಕಿಲ್ಲ. ಕಿಟಕಿಯ ಪಕ್ಕದ ಎರಡು ಸೀಟು ಹಿಡಿಯಬೇಕೆಂದಿದ್ದೇನೆ, ಅದರಲ್ಲೂ ಕಾಲು ಚಾಚಲು ಜಾಗವಿರುವ ಮುಂದಿನ ಸಾಲಿನಲ್ಲಿ. ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ನಾನು ಹೊರಡುತ್ತಿದ್ದೇನೆ.

ಇಂತಿ,
ಒಂಬತ್ತೂ ಪೂರ್ತಿ ಓದದ, ಆದರೆ ನಿಮ್ಮ ವರದಿಯನ್ನು ಪೂರ್ತಿ ಓದಿದ,
ಹದಿನೆಂಟು ತೂತುಗಳ ವಾರಸುದಾರ