ಬಾಗಿಲ ಕಡೆ ನಿಂತವಳು

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯಾ? ನಿನ್ನ ಭಾವ ಮುರಿದ ಪಕ್ಕೆಲುಬು ಕೂಡಿಕೊಂಡಿತೇ? ಕೆಮ್ಮಿದರೆ ಇನ್ನೂ ನೋಯುತ್ತದೆಯೇ? ಚಿಕ್ಕಮ್ಮನ ಮಂಡಿ ನೋವು ಹೇಗಿದೆ? ನಿನ್ನನ್ನು ಮನೆಯಲ್ಲಿ ಅಡಗಿಸಿಟ್ಟುಕೊಂಡು ಅವರ ಜೀವ ಕೈಯಲ್ಲೇ ಇರಬೇಕು, ಪಾಪ. ನಾನು ಇದ್ದೇನೆ. ಹೊಲಿಗೆ ಯಂತ್ರದ ಮುಂದೆ ಕೂತರೆ ಕಾಲು ತಾನಾಗಿ ತುಳಿಯುತ್ತದೆ, ಅಷ್ಟೆ. ನಿನ್ನೆ ಯಾರದ್ದೋ ರವಿಕೆಗೆ ಎರಡೂ ಎಡಗೈ ತೋಳು ಹಚ್ಚಿದ್ದೆ. ನನ್ನ ಚೂಟಿ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ನಿನ್ನ ಕಾಗದ ತಲುಪಿತು. 'ಚೂಟಿ ಕಾಲು ಜಾರಿ ಬೆಂಚಿನ ಮೇಲೆ ಬಿದ್ದಳು ಅಂತ ಒಂದು ಸಹಿ ಹಾಕಿಬಿಡಕ್ಕಾ, ನಾನು ಬದುಕ್ಕೋತೀನಿ' ಎಂದು ಬರೆದಿದ್ದೀಯ. ನಿಮ್ಮ ಹೆಡ್‌ಮಾಸ್ಟರೂ ಹೇಳಿಕೆಯನ್ನು ಟೈಪ್ ಮಾಡಿಸಿಕೊಂಡೇ ಬಂದಿದ್ದರು. 'ಮಗಳಂತೂ ಹೋದಳಮ್ಮಾ, ತಮ್ಮನನ್ನಾದರೂ ಉಳಿಸಿಕೊಳ್ಳಿ' ಎಂದರು. ನಿನ್ನ ಭಾವ ನನ್ನ ದೊಡ್ಡ ಕತ್ತರಿಯನ್ನು ಎತ್ತಿ ಬೀಸಿದರು. ಅದು ಹೆಡ್‌ಮಾಸ್ಟರ ಕಿವಿಯ ಪಕ್ಕದಲ್ಲೇ ಬಾಗಿಲಿಗೆ ನಾಟಿಕೊಂಡಿತು. ಅವರು ಚಪ್ಪಲಿ ಬಿಟ್ಟು ಓಡಿದರು. ಹೇಳಿಕೆಯ ಹಾಳೆ ನನ್ನ ಬಳಿಯೇ ಉಳಿಯಿತು. ಮೂರು ದಿನ ಅದನ್ನು ನೋಡುತ್ತಾ ಕೂತೆ. ಸಹಿ ಹಾಕೋಣ ಅಂತಲೇ ಇದ್ದೆ ತಮ್ಮಾ, ಸುಳ್ಳು ಹೇಳುವುದಿಲ್ಲ.

ಆಮೇಲೆ ಕ್ಲಾಸಿನಲ್ಲಿ ಚೂಟಿಯ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ನೋಟ್‌ಬುಕ್ ಹಿಡಿದು ಬಂದಳು. ಅವಳ ಬಾಯಿಂದಲೇ ಎಲ್ಲ ಕೇಳಿದೆ. ನೀನು ಬೋರ್ಡಿನ ಮೇಲೆ ಎರಡೆರಡು ಮಾತೃಕೆ, ಅಂದರೆ ನಾಲ್ಕು ಅಂಕಿಯ ಚೌಕ, ಬರೆಯುತ್ತಿದ್ದೆಯಂತೆ. ಒಂದು ಇನ್ನೊಂದರ ವಿಲೋಮ, ಅಂದರೆ ಗುಣಿಸಿದರೆ ಒಂದು ಬರುವ ಜೋಡಿ, ಎನ್ನುವವರು ಕಿಟಕಿ ಕಡೆಗೆ, ಅಲ್ಲ ಎನ್ನುವವರು ಬಾಗಿಲ ಕಡೆಗೆ ನಿಲ್ಲಬೇಕು. ಗುಣಿಸಿ ನೋಡುವಂತಿಲ್ಲ. 'ಮೇಲಿನ ಎಡಮೂಲೆ, ಕೆಳಗಿನ ಬಲಮೂಲೆಯ ಅಂಕಿ ಜಾಗ ಬದಲಾಯಿಸಿವೆಯಾ, ಉಳಿದೆರಡಕ್ಕೆ ಚಿಹ್ನೆ ತಿರುಗಿದೆಯಾ, ಮುಗೀತು, ಕಣ್ಣಲ್ಲೇ ಗುರುತಿಸ್ರೋ' ಎನ್ನುವುದು ನಿನ್ನ ಹೆಮ್ಮೆಯ ಪಾಠ. ಆ ದಿನ ಕ್ಲಾಸಿಗೆ ಕ್ಲಾಸೇ ಕಿಟಕಿ ಕಡೆ ಹೋಯಿತು. ಚೂಟಿ ಒಬ್ಬಳೇ ಬಾಗಿಲ ಕಡೆ ನಿಂತಳು. 'ಗುಣಿಸಿದ್ರೆ ಒಂದು ಬರಲ್ಲ ಸಾರ್, ಎರಡು ಬರುತ್ತೆ' ಎಂದಳು. 'ನಿಮ್ಮಮ್ಮನ ಹೊಲಿಗೆ ಮಷೀನ್ ಹತ್ರ ಕಲ್ತ್ಯೇನೇ ಈ ಲೆಕ್ಕ?' ಎಂದೆ ನೀನು. ಎಲ್ಲರೂ ನಕ್ಕರು. ಅವಳು ನಗಲಿಲ್ಲ, ಜಾಗ ಬಿಟ್ಟು ಕದಲಲೂ ಇಲ್ಲ. ಬೋರ್ಡಿಗೆ ಗೆರೆ ಎಳೆಯುವ ಮರದ ಸ್ಕೇಲಿನಿಂದ ನೀನು ಅವಳ ಕಿವಿಯ ಹಿಂದೆ ಹೊಡೆದೆ. 'ಎರಡೇ ಬರೋದು ಸಾರ್' ಎಂದಳಂತೆ. ಮತ್ತೆ ಹೊಡೆದೆ. ರಕ್ತ ಕಾಲರಿನೊಳಗೆ ಇಳಿಯಿತು. ಮೂರನೆಯ ಏಟಿಗೆ ಸ್ಕೇಲು ಮುರಿಯಿತು, ಅವಳ ತಲೆ ಬೆಂಚಿನ ಕಬ್ಬಿಣದ ಅಂಚಿಗೆ ಬಡಿಯಿತು. ಆ ಸದ್ದು ಈಗಲೂ ಕೇಳಿಸುತ್ತದೆ ಆಂಟಿ ಎಂದು ಆ ಮಗು ಕಿವಿ ಮುಚ್ಚಿಕೊಂಡಿತು.

ನಾನು ಏಳನೇ ಕ್ಲಾಸು ಓದಿದವಳು. ಆದರೂ ಆ ಹುಡುಗಿಯನ್ನು ಕೂರಿಸಿಕೊಂಡು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಗುರುತಿನ ಸೀಮೆಸುಣ್ಣದಲ್ಲಿ ಅದನ್ನು ಬರೆಸಿದೆ. ಒಂದರಲ್ಲಿ ಮೇಲೆ ನಾಲ್ಕು, ಮೂರು. ಕೆಳಗೆ ಎರಡು, ಎರಡು. ಇನ್ನೊಂದರಲ್ಲಿ ಮೇಲೆ ಎರಡು, ಮೈನಸ್ ಮೂರು. ಕೆಳಗೆ ಮೈನಸ್ ಎರಡು, ನಾಲ್ಕು. ಅಡ್ಡಸಾಲನ್ನು ಕಂಬಸಾಲಿಗೆ ಗುಣಿಸಿ ಕೂಡುವುದನ್ನು ಅವಳೇ ಕಲಿಸಿದಳು. ನಾಲ್ಕೆರಡಲ ಎಂಟು, ಮೂರೆರಡಲ ಆರು, ಎಂಟರಲ್ಲಿ ಆರು ಹೋದರೆ ಎರಡು. ಮೂಲೆಯಿಂದ ಮೂಲೆಗೆ ಎರಡು, ಎರಡು. ಉಳಿದ ಕಡೆ ಸೊನ್ನೆ. ಅಲ್ಲಿ ಒಂದು, ಒಂದು ಬರಬೇಕಿತ್ತಂತೆ. ನಾಲ್ಕು ಸಲ ಮಾಡಿದೆ. ಒಂದು ಬರಲೇ ಇಲ್ಲ. ಎಲ್ಲವನ್ನೂ ಅರ್ಧ ಮಾಡುವುದನ್ನು ನೀನು ಮರೆತಿದ್ದೆ, ತಮ್ಮಾ. ಅಷ್ಟಕ್ಕೆ ನನ್ನ ಮಗಳು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿ ಹೋದಳು.

ಅಪ್ಪ ಬೆಲ್ಟು ಬಿಚ್ಚಿದಾಗಲೆಲ್ಲ ನಾನು ನಿನಗೆ ಅಡ್ಡ ನಿಲ್ಲುತ್ತಿದ್ದೆ. ಬೆನ್ನಿನ ಗೆರೆ ಇನ್ನೂ ಹೋಗಿಲ್ಲ. ಆದರೆ ನಿನ್ನ ಕ್ಲಾಸಿನಲ್ಲಿ ಅವಳಿಗೆ ಅಡ್ಡ ಬರುವವರು ಯಾರೂ ಇರಲಿಲ್ಲ. ಸಾವಿಗಿಂತ ನನ್ನನ್ನು ಹೆಚ್ಚು ಸುಡುವುದು ಒಂದಿದೆ: ಐವತ್ತು ಮಕ್ಕಳ ನೋಟ್‌ಬುಕ್ಕಿನಲ್ಲಿ ಆ ಲೆಕ್ಕಕ್ಕೆ ನೀನು ಹಾಕಿದ ಸರಿ ಗುರುತು ಹಾಗೇ ಇದೆ. ಅವಳು ತಪ್ಪು ಹೇಳಿ ಏಟು ತಿಂದಳು ಎಂದೇ ಅವರೆಲ್ಲ ತಿಳಿದಿದ್ದಾರೆ. ಹೆಡ್‌ಮಾಸ್ಟರ ಹಾಳೆಯನ್ನು ಒಲೆಗೆ ಹಾಕಿದೆ. ನಿನ್ನೆ ಸ್ಟೇಷನ್ನಿಗೆ ಹೋಗಿ ಮೂರು ಏಟನ್ನೂ ಹೇಳಿ, ನನ್ನ ಕೈಯಾರೆ ಬರೆದು ಸಹಿ ಮಾಡಿ ಬಂದೆ.

ಹೊತ್ತು ಹೊತ್ತಿಗೆ ಊಟ ಮಾಡು. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಬೈಯಲು ಕೂತರೂ ನನ್ನ ಬಾಯಿಗೆ ಬರುವುದು ಆಶೀರ್ವಾದವೇ. ದೇವರು ನಿನಗೆ ಆಯುಷ್ಯ ಕೊಡಲಿ.

ನಿನ್ನ ಅಕ್ಕ

ಇನ್ನೊಂದು ಮಾತು, ಆತುರದಲ್ಲಿ ಗೀಚುತ್ತಿದ್ದೇನೆ. ನಿನ್ನ ಲಕೋಟೆಯ ಮೇಲಿನ ವಿಳಾಸವನ್ನು ಇವತ್ತು ಬೆಳಿಗ್ಗೆ ನಿನ್ನ ಭಾವ ನೋಡಿಬಿಟ್ಟರು. ಗ್ಯಾರೇಜಿನ ಸಲಾಕೆ ಹಿಡಿದು ಎಂಟು ಗಂಟೆಯ ಬಸ್ಸು ಹತ್ತಿದ್ದಾರೆ. ನಾನು ಸ್ಟೇಷನ್ನಿಗೆ ಓಡಿ ಚಿಕ್ಕಮ್ಮನ ಮನೆ ತೋರಿಸಿಕೊಟ್ಟೆ. ಜೀಪು ಬಸ್ಸಿಗಿಂತ ಮೊದಲೇ ತಲುಪುತ್ತದಂತೆ. ಈ ಕಾಗದ ತಂದವರು ಪೊಲೀಸಿನವರು. ಹಿಂದಿನ ಗೋಡೆ ಹಾರಬೇಡ. ಬೇಡಿ ಹಾಕಲು ಬಂದರೆ ಕೈ ಚಾಚು.