ಭೂರಾನ ಉಪವಾಸ

ಆಳಂದ
೧೪ ನವೆಂಬರ್ ೧೯೪೮

ಪ್ರೀತಿಯ ಖುರ್ಷಿದಾ,

‘ನೆರೆಮನೆಯ ದೀಪ ನಮ್ಮ ಗೋಡೆಗೂ ಬೆಳಕು.’ ನಮ್ಮ ಶಾಲೆಯ ಹುಡುಗಿಯರು ಪಾಟಿಯ ಮೇಲೆ ತಿದ್ದಲೆಂದು ನೀನು ಕಟ್ಟಿದ ಸಾಲು. ‘ಗೋಡೆಗೂ’ ಎಂದಿತ್ತೋ ‘ಅಂಗಳಕ್ಕೂ’ ಎಂದಿತ್ತೋ, ಮರೆತಿದ್ದೇನೆ. ಹೇಗಿದ್ದರೂ ಅದು ನಿಜವೇ ಎಂದು ಈಗ ಕೇಳಿಕೊಳ್ಳುತ್ತೇನೆ. ಪೊಲೀಸ್ ಆಕ್ಷನ್ ಆಗಿ, ನಿಮ್ಮ ಮನೆಗೆ ಬೀಗ ಬಿದ್ದು ಎರಡು ತಿಂಗಳಾಯಿತು. ನಮ್ಮ ಗೋಡೆಗೆ ಏನೂ ಆಗಿಲ್ಲ.

ನಿನಗೆ ಸಲಾಂ. ತಡವಾಯಿತು, ಕ್ಷಮಿಸು. ಹೈದರಾಬಾದಿನಲ್ಲಿ ಅಣ್ಣನ ಮನೆಯಲ್ಲಿದ್ದೀಯೆಂದು ತಿಳಿದು, ವಿಳಾಸ ಸಿಕ್ಕಿ ಒಂದು ತಿಂಗಳಾಗಿದೆ. ಶಾಲೆಯ ಕೆಲಸವೆಂದು ನೆಪ ಹೇಳಬಹುದಿತ್ತು. ಆದರೆ ಶಾಲೆ ಇನ್ನೂ ತೆರೆದಿಲ್ಲ.

ನಿಮ್ಮ ನಾಯಿ ಭೂರಾ ಬದುಕಿದ್ದಾನೆ. ಮೊದಲು ಇದನ್ನೇ ಬರೆಯಬೇಕಿತ್ತು. ಆ ದಿನ ಬೀದಿಗಿಳಿದ ಗುಂಪಿನ ಕಲ್ಲೇಟು ತಿಂದು ನಮ್ಮ ಬಾಗಿಲಲ್ಲೇ ಬಿದ್ದಿದ್ದ. ಪಕ್ಕದ ಚಂದಮ್ಮನ ಗಂಡ ಬೀರಲಿಂಗಪ್ಪ ಬಂಡಿಯಲ್ಲಿ ಹುಲ್ಲು ಹಾಸಿ ಕಲಬುರ್ಗಿಯ ದನದ ದವಾಖಾನೆಗೆ ಒಯ್ದ. ಹಿಂಗಾಲೊಂದನ್ನು ಕತ್ತರಿಸಿ, ಬೆನ್ನಿಗೆ ಹೊಲಿಗೆ ಹಾಕಿದರು. ಇಪ್ಪತ್ತೆರಡು ದಿನ ಬಾಯಿ ಬಿಡಿಸಿ ಗಂಜಿ ಹನಿಸಿದರಂತೆ. ಮನೆಗೆ ಕಳಿಸುವಾಗ ಡಾಕ್ಟರು, “ಹೊಲಿಗಿ ನಾ ಹಾಕೀನ್ರಿ, ಹೊಟ್ಟಿಗಿ ನೀವು ಹಾಕ್ಬೇಕು. ಮೂರು ದಿನದಾಗ ತಾನಾಗೇ ತಿನ್ಲಿಲ್ಲಂದ್ರ ನನ್ನ ಮೆಹನತ್ತೆಲ್ಲಾ ಬೇಕಾರ್” ಎಂದರು.

ಒಲೆಯ ಪಕ್ಕ ಗೋಣಿ ಹಾಸಿ ಮಲಗಿಸಿದೆ. ಇಪ್ಪತ್ತು ವರ್ಷದಲ್ಲಿ ನೀನು ಎಂದೂ ದಾಟದ ಅಡುಗೆಮನೆಯ ಹೊಸ್ತಿಲನ್ನು ನಿನ್ನ ನಾಯಿ ದಾಟಿತು. ಹೊಟ್ಟೆಯ ಕೆಳಗೆ ಹಳೆಯ ಇಳಕಲ್ ಸೀರೆಯ ಪಟ್ಟಿ ಹಾಯಿಸಿ, ಎರಡೂ ಕೊನೆ ಹಿಡಿದೆತ್ತಿ ಹಿತ್ತಲವರೆಗೆ ನಡೆಸಿದೆ. ಗಾಯ ತೊಳೆದೆ, ಮಗ್ಗುಲು ಬದಲಿಸಿದೆ. ಎಲ್ಲಕ್ಕೂ ಒಡ್ಡಿಕೊಂಡ. ಆದರೆ ಹಾಲಲ್ಲಿ ಕಿವುಚಿದ ರೊಟ್ಟಿ ಇಟ್ಟರೆ ಮುಖ ತಿರುಗಿಸಿದ.

ಚಂದಮ್ಮ ಇಣುಕಿ ನೋಡಿ, “ಇದು ನಾಯಿ ಅಲ್ರಿ ಅಕ್ಕೋರ, ಮುನಿಸ್ಕೊಂಡ ಬೀಗರು. ಎಷ್ಟ ಉಪಚಾರ ಮಾಡಿದ್ರೂ ಎಲಿ ಮುಟ್ಟವಲ್ರು” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಪಕ್ಕೆಲುಬು ಎಣಿಸುವ ಹಾಗಾಗಿತ್ತು.

ಮೂರನೆಯ ಮಧ್ಯಾಹ್ನ ನೆನಪಾಯಿತು. ನೀನು ಊಟಕ್ಕೆ ಕೂತು ‘ಬಿಸ್ಮಿಲ್ಲಾ’ ಎಂದ ಮೇಲೆಯೇ ಅಂಗಳದ ಭೂರಾ ತನ್ನ ತುತ್ತಿಗೆ ಬಾಯಿ ಹಾಕುತ್ತಿದ್ದ. ನಾವಿಬ್ಬರೂ ಅದನ್ನು ನೋಡಿ ನಗುತ್ತಿದ್ದೆವು. ಪುಣೆಯಲ್ಲಿ ಎಂ.ಎ. ಓದಿದವಳಿಗೆ ಇದು ಹೊಳೆಯಲು ಮೂರು ದಿನ ಬೇಕಾಯಿತು. ಯಾರಾದರೂ ಕೇಳಿಸಿಕೊಂಡಾರೆಂದು ಬಾಗಿಲು, ಕಿಟಕಿ ಎಲ್ಲ ಮುಚ್ಚಿ, ತಟ್ಟೆಯ ಮುಂದೆ ಬಗ್ಗಿ ಆ ಮಾತನ್ನು ಪಿಸುಗುಟ್ಟಿದೆ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ತಟ್ಟೆ ನೆಕ್ಕಿ ಮುಗಿಸಿದ.

ಈಗ ಮೂರು ಕಾಲಲ್ಲಿ ನಡೆಯುತ್ತಾನೆ. ನಡೆಯಲು ಬಂದ ದಿನದಿಂದ ನಿಮ್ಮ ಬೀಗ ಹಾಕಿದ ಬಾಗಿಲಿಗೆ ಹೋಗಿ ಕೂರುತ್ತಾನೆ. ಉಣ್ಣಲು ಮಾತ್ರ ನಮ್ಮಲ್ಲಿಗೆ ಬರುತ್ತಾನೆ.

ಮಕ್ಕಳಿಗೆ ನನ್ನ ಆಶೀರ್ವಾದ. ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಬಾ ಎಂದು ಕರೆಯುವ ಅಧಿಕಾರ ನನಗಿಲ್ಲ.

ನಿನ್ನ
ತುಳಸಾ

ತಾ.ಕ.: ಆ ದಿನ ನೀನು ಬಾಗಿಲು ತಟ್ಟಿದಾಗ ನಾನು ಮನೆಯಲ್ಲೇ ಇದ್ದೆ. ನೀನು ನಾಲ್ಕು ಸಲ ನನ್ನ ಹೆಸರು ಕರೆದೆ. ನಾನು ಅಗಳಿಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದೆ, ತೆಗೆಯಲಿಲ್ಲ. ನೀನು ಹೋದ ಮೇಲೂ ಭೂರಾ ನನ್ನ ಕದ ಕೆರೆಯುತ್ತಲೇ ಇದ್ದ, ಕಲ್ಲು ಬೀಳುವ ತನಕ. ಚಂದಮ್ಮ ತನ್ನ ಮನೆಯ ಕಣಕಿ ಮೇವಿನ ರಾಶಿಯಲ್ಲಿ ನಿನ್ನನ್ನು ಬಚ್ಚಿಟ್ಟದ್ದು ಆಮೇಲೆ ತಿಳಿಯಿತು.

ನಿನ್ನೆ ಭೂರಾನಿಗೆ ಉಣಿಸಲು ಎಂದಿನಂತೆ ಕದ ಹಾಕಿಕೊಂಡಿದ್ದೆ. ಚಂದಮ್ಮ ತಟ್ಟಿದಳು. ತೆರೆದೆ. ನಾಯಿಗೆಂದು ತಂದ ಬಿಸಿ ರೊಟ್ಟಿಯನ್ನು ಹೊಸ್ತಿಲ ಮೇಲಿಟ್ಟು ಹೇಳಿದಳು:

“ಅವತ್ತ ಅಂಜಿ ಅಗಳಿ ಹಾಕ್ಕೊಂಡಿದ್ರಿ ಅಕ್ಕೋರ, ಇರ್ಲಿ. ಇವತ್ತ ಯಾರಿಗಿ ಅಂಜಿ ಹಾಕ್ಕೊಂಡೀರಿ? ನಿಮ್ಮ ಹೆಸರ ಹಿಡದು ತಗೀರಿ ಅಂತ ಒದರೋರು ಹೊರಗ ಈಗ ಯಾರೂ ಇಲ್ರಿ.”